ಎರಡು ಮೆಟ್ಟಿಲು, ಏಳು ಮೀಟಿಂಗು

ನಮ್ಮ ಚರ್ಚಿನ ಬಾಗಿಲಿಗೆ ಇರುವುದು ಎರಡೇ ಮೆಟ್ಟಿಲು. ಆ ಎರಡು ಮೆಟ್ಟಿಲಿನ ಬಗ್ಗೆ ಕಮಿಟಿ ಏಳು ಸಲ ಮೀಟಿಂಗು ಮಾಡಿತು. ಏಳನೆಯದಕ್ಕೆ ನನ್ನನ್ನೂ ಕರೆದರು, ಯಾಕೆಂದರೆ ನಾನು ಬಡಗಿ. ಅಪ್ಪ ಬಿಟ್ಟುಹೋದ ಉಳಿ, ರಂದ ಹಿಡಿದು ಇಪ್ಪತ್ತೆರಡು ವರ್ಷವಾಯಿತು. ನನ್ನ ಬಾಯಿಗೆ ಹೆದರಿದ ಹೆಂಗಸರು ನನಗೆ ಗರಗಸ ಅಂತ ಹೆಸರಿಟ್ಟಿದ್ದಾರೆ. ನನಗದು ಗೊತ್ತಿಲ್ಲ ಅಂದುಕೊಂಡಿದ್ದಾರೆ, ಪಾಪ.

ಮೀಟಿಂಗು ನಡೆಯುತ್ತಿದ್ದದ್ದು ನನ್ನ ದೊಡ್ಡಮ್ಮನ ಸಲುವಾಗಿ. ಸೊಂಟ ಮುರಿದುಕೊಂಡು ಗಾಲಿಕುರ್ಚಿ ಸೇರಿ ಎಂಟು ತಿಂಗಳಾಗಿತ್ತು. ಮೊದಲ ವಾರ ನಾಲ್ಕು ಜನ ಗಂಡಸರು ಕುರ್ಚಿ ಸಮೇತ ಎತ್ತಿದರು. ಒಬ್ಬನ ಕೈ ಜಾರಿ ಕುರ್ಚಿ ವಾಲಿತು. "ನಾನೇನು ಬೀರು ಅಲ್ಲ, ಎತ್ತಿ ಇಡೋಕೆ" ಎಂದವಳು ಆಮೇಲೆ ಯಾರಿಗೂ ಎತ್ತಲು ಬಿಡಲಿಲ್ಲ. ಅಂದಿನಿಂದ ಕಿಟಕಿಯ ಕೆಳಗೆ ಕೂತು ಆರಾಧನೆ ಕೇಳಿಸಿಕೊಳ್ಳುತ್ತಿದ್ದಳು. ನಲವತ್ತು ವರ್ಷ ಒಳಗೆ ಮಕ್ಕಳಿಗೆ ಪಾಠ ಹೇಳಿದವಳು! ಏಳನೇ ಮೀಟಿಂಗಿನ ಹಿಂದಿನ ವಾರ ಡಾಕ್ಟರು ಅವಳ ಹೃದಯ ಸೋತಿದೆ ಎಂದರು. ಮನೆಗೆ ಬರುವಾಗ ದೊಡ್ಡಮ್ಮ ಹೇಳಿದ್ದು ಒಂದೇ ಮಾತು: "ಇನ್ನೆಷ್ಟು ಭಾನುವಾರ ಉಳಿದಿದೆಯೋ ಕಣೇ. ಒಂದನ್ನಾದ್ರೂ ಒಳಗೆ ಕೂತು ಕಳೀಬೇಕು."

ಕಮಿಟಿಯ ಹಿರಿಯರು ಮೇಷ್ಟ್ರು. ಶಾಲೆಯಲ್ಲಿ ನನಗೆ ಲೆಕ್ಕ ಹೇಳಿಕೊಟ್ಟವರು. ಅವರು ಮೊದಲು ಪ್ರಾರ್ಥನೆ ಮಾಡಿದರು, ಆಮೇಲೆ ಆರನೇ ಮೀಟಿಂಗಿನ ವರದಿ ಓದಿದರು. ಕುರ್ಚಿ ಏರಲು ಇಳಿಜಾರು ಹಲಗೆಯದೋ ಸಿಮೆಂಟಿನದೋ, ಎಡಕ್ಕೋ ಬಲಕ್ಕೋ ಎಂದು ಎಲ್ಲರೂ ಮುಕ್ಕಾಲು ಗಂಟೆ ಎಳೆದಾಡಿದರು. ಕೊನೆಗೆ ಮೇಷ್ಟ್ರು ಕಣ್ಣುಮುಚ್ಚಿ, "ಆತುರ ಬೇಡ. ದೇವರ ಸಮಯಕ್ಕೆ ಕಾಯೋಣ" ಎಂದರು.

ನನ್ನ ಪಿತ್ತ ನೆತ್ತಿಗೇರಿತು. "ಮೇಷ್ಟ್ರೇ, ನಾವೆಲ್ಲಿ ದೇವರಿಗೆ ಕಾಯ್ತಿದ್ದೀವಿ? ಎಂಟು ತಿಂಗಳಿಂದ ಆತನೇ ನಮಗೋಸ್ಕರ ಕಾಯ್ತಾ ಕೂತಿದ್ದಾನೆ, ಹೊರಗೆ, ಆ ಕಿಟಕಿ ಕೆಳಗೆ!"

"ಕೂತ್ಕೋ, ಇದು ನಿನ್ನ ಕಾರ್ಖಾನೆ ಅಲ್ಲ" ಎಂದರು. ಕೂರಲಿಲ್ಲ, ಚಪ್ಪಲಿ ಮೆಟ್ಟಿಕೊಂಡು ಹೊರಟೆ.

ಶುಕ್ರವಾರ, ಶನಿವಾರ ಬೇರೆ ಕೆಲಸ ಮುಟ್ಟಲಿಲ್ಲ. ಒಂದಡಿ ಏರಕ್ಕೆ ಹನ್ನೆರಡಡಿ ಉದ್ದದ ಇಳಿಜಾರು. ಗಾಲಿ ಜಾರದಂತೆ ಹಲಗೆಗೆ ಅಡ್ಡಡ್ಡ ಗೀರು ಹಾಕಿದೆ, ಎರಡೂ ಬದಿಗೆ ಕಂಬ ಬಿಗಿದು ಬಾಗಿಲ ಚೌಕಟ್ಟಿನವರೆಗೂ ಕೈಹಿಡಿ ಕೂರಿಸಿದೆ. ಚರ್ಚಿಗೆ ಬೀಗ ಹಾಕಿತ್ತು, ಬೀಗದ ಕೈ ಮೇಷ್ಟ್ರ ಬಳಿ. ಕೇಳೋಕೆ ಹೋಗಲಿಲ್ಲ, ಜಂಬ.

ಶನಿವಾರ ಸಂಜೆ ಪಾಸ್ಟರು ಬಂದು ಕೈಕಟ್ಟಿ ನಿಂತರು. ಹೊಸಬರು, ಮೇಷ್ಟ್ರೆಂದರೆ ಒಳಗೊಳಗೇ ನಡುಕ. "ಅಕ್ಕಾ, ಎಲ್ಲರ ಜೊತೆ ಪ್ರಾರ್ಥನೆ ಮಾಡಿ ಶುರುಮಾಡಬಹುದಿತ್ತು" ಎಂದರು.

"ಒಂದೊಂದು ಮೊಳೆ ಹೊಡೆಯುವಾಗಲೂ ಮಾಡಿದ್ದೀನಿ ಪಾಸ್ಟರೇ. ನಿಮ್ಮ ಏಳು ಮೀಟಿಂಗಿಗಿಂತ ಜಾಸ್ತೀನೇ ಆಗಿದೆ."

ಅದು ಕೊಬ್ಬಿನ ಮಾತಲ್ಲ, ನಿಜ. ನನಗೆ ಉದ್ದುದ್ದ ಪ್ರಾರ್ಥನೆ ಬರುವುದಿಲ್ಲ. ದೇವರು ಕೊಟ್ಟ ಹೊತ್ತನ್ನು ಒಳ್ಳೆ ಕೆಲಸಕ್ಕೆ ಹಾಕುವುದೇ ನನಗೆ ಬರುವ ಭಕ್ತಿ. ನಾನು ನಂಬಿದಾತನೂ ಬಡಗಿಯ ಮನೆಯಲ್ಲೇ ಬೆಳೆದವನು, ಆತನಿಗೆ ಅರ್ಥವಾಗುತ್ತದೆ.

ಭಾನುವಾರ ಬೆಳಿಗ್ಗೆ ದೊಡ್ಡಮ್ಮನ ಕುರ್ಚಿ ತಳ್ಳಿಕೊಂಡು ಹೋದೆ. ಇಳಿಜಾರು ಏರಿದ್ದು ಗೊತ್ತೇ ಆಗಲಿಲ್ಲ. ಆದರೆ ಬಾಗಿಲ ಹತ್ತಿರ ಹೋದವಳು ಗಕ್ಕನೆ ನಿಂತೆ. ನಮ್ಮ ಚರ್ಚಿನ ಬಾಗಿಲು ಹೊರಕ್ಕೆ ತೆರೆಯುವ ಒಂಟಿ ಬಾಗಿಲು. ಬೀಗ ಹಾಕಿದ ಬಾಗಿಲಿನ ಮುಂದೆ ಕೆಲಸ ಮಾಡಿದವಳು ಅದು ಎಲ್ಲಿಯವರೆಗೆ ತೆರೆಯುತ್ತದೆ ಅಂತ ನೋಡಿರಲೇ ಇಲ್ಲ. ಈಗ ಅದು ನನ್ನದೇ ಕೈಹಿಡಿಗೆ ಬಡಿದು ಅರ್ಧಕ್ಕೇ ನಿಂತಿತ್ತು. ಮನುಷ್ಯರು ನುಸುಳಬಹುದು, ಕುರ್ಚಿ ತೂರುವುದಿಲ್ಲ. ಇಪ್ಪತ್ತೆರಡು ವರ್ಷದ ಬಡಗಿ ಮಾಡುವ ತಪ್ಪೇ ಇದು? ನಾಚಿಕೆಯಿಂದ ಕಿವಿ ಬಿಸಿಯಾಯಿತು.

ಒಳಗಿನಿಂದ ಮೇಷ್ಟ್ರು ಬಂದು ನೋಡಿದರು. "ಇದಕ್ಕೇ ಹೇಳೋದು, ನಾಲ್ಕು ಜನ ಕೂತು ಯೋಚಿಸಬೇಕು ಅಂತ. ಆಗಲಿ, ಮುಂದಿನ ತಿಂಗಳ ಮೀಟಿಂಗಲ್ಲಿ ನೋಡೋಣ."

"ಬಿಡೇ, ಕಿಟಕಿ ಹತ್ರಾನೇ ನಿಲ್ಲಿಸು" ಎಂದಳು ದೊಡ್ಡಮ್ಮ. ಆ ದನಿ ಕೇಳಿ ನನ್ನ ನಾಚಿಕೆಯೆಲ್ಲ ಸಿಟ್ಟಾಯಿತು. ಕೈಹಿಡಿ ಕೊಯ್ಯಲು ಅರ್ಧ ಗಂಟೆ ಬೇಕು. ಬಾಗಿಲಿಗೆ ಇದ್ದದ್ದು ಮೂರೇ ಕೀಲು, ಅವುಗಳ ಕಡ್ಡಿ ತೆಗೆದರೆ ಬಾಗಿಲೇ ಕಳಚಿ ಬರುತ್ತದೆ. ಕುರ್ಚಿಯ ಗಾಲಿಗೆ ತಡೆ ಹಾಕಿ, ಶನಿವಾರದಿಂದ ಅಂಗಳದಲ್ಲೇ ಬಿಟ್ಟಿದ್ದ ನನ್ನ ಸಾಮಾನಿನ ಗಾಡಿಯಿಂದ ಸುತ್ತಿಗೆ, ಉಳಿ ತಂದೆ.

"ಭಾನುವಾರ ಕೆಲಸ ಮಾಡ್ತೀಯಾ? ಅದೂ ದೇವರ ಮನೆ ಬಾಗಿಲಲ್ಲಿ?" ಮೇಷ್ಟ್ರ ಮುಖ ಕೆಂಪಾಯಿತು.

"ಹೂಂ ಮೇಷ್ಟ್ರೇ. ಈ ಭಾನುವಾರ ಹಾಳಾದ್ರೆ ನಾನು ಉತ್ತರ ಕೊಡಬೇಕಾದ್ದು ನಿಮಗಲ್ಲ."

ಮೊದಲ ಕೀಲಿನ ಕಡ್ಡಿ ಎರಡೇ ಏಟಿಗೆ ಹಾರಿತು. ಎರಡನೆಯದೂ ಬಂತು. ಮೂರನೆಯದು ಬಂದರೆ ಬಾಗಿಲು ಮೈಮೇಲೆ ಬೀಳುತ್ತಿತ್ತು, ಹಿಡಿಯಲು ಒಬ್ಬರೂ ಏಳಲಿಲ್ಲ. ಆಗ ಪಾಸ್ಟರು ವೇದಿಕೆಯಿಂದ ಇಳಿದು ಬಂದರು. ಮೇಷ್ಟ್ರ ಮುಖ ನೋಡದೆ ಬಿಳಿ ನಿಲುವಂಗಿಯ ತೋಳು ಮಡಿಸಿ ಬಾಗಿಲು ಹಿಡಿದರು. "ಹೊಡೀರಿ ಅಕ್ಕಾ."

ಬಾಗಿಲನ್ನು ಗೋಡೆಗೆ ಒರಗಿಸಿ ದೊಡ್ಡಮ್ಮನನ್ನು ಮೂರನೇ ಬೆಂಚಿನ ಪಕ್ಕಕ್ಕೆ, ಅವಳ ಜಾಗಕ್ಕೆ, ತಂದು ನಿಲ್ಲಿಸಿದೆ. ಅವಳು ಬೆಂಚಿನ ಮರವನ್ನು ಒಂದು ಸಲ ಸವರಿದಳು.

ಮೇಷ್ಟ್ರು ಮುಂದೆ ಹೋಗಿ ಕನ್ನಡಕ ಏರಿಸಿ ಪ್ರಕಟಣೆಯ ಕಾಗದ ಬಿಚ್ಚಿದರು. "ಮೊದಲನೆಯದಾಗಿ, ಕಮಿಟಿಯ ಅನುಮತಿ ಇಲ್ಲದೆ..."

"ಮಗಾ." ಚಿಕ್ಕಂದಿನಲ್ಲಿ ಮೇಷ್ಟ್ರಿಗೂ ಪಾಠ ಹೇಳಿಕೊಟ್ಟವಳು ದೊಡ್ಡಮ್ಮ. ದನಿ ಸಣ್ಣದಿತ್ತು, ಆದರೆ ಎಲ್ಲರಿಗೂ ಕೇಳಿಸಿತು. "ಅದನ್ನ ಆಮೇಲೆ ಓದು. ಮೊದಲು ಹಾಡೋಣ. ನನ್ನ ಹತ್ರ ಅಷ್ಟು ಹೊತ್ತಿಲ್ಲ."

ಮೇಷ್ಟ್ರು ಕಾಗದವನ್ನು ಮಡಚಿ ಜೇಬಿಗಿಟ್ಟು, ಹಾಡಿನ ಪುಸ್ತಕ ತಂದು ಅವಳ ಮಡಿಲಲ್ಲಿ ತೆರೆದಿಟ್ಟರು.