ಭೈರೇಶ ತುಂಬಿದ ಪದಬಂಧ

ಬೆಳಿಗ್ಗೆ ಹತ್ತೂವರೆಗೆ ಭೈರೇಶ ಅಪ್ಪನ ಜೊತೆ ಹೊಸೂರಿನ ಆಲಸನತ್ತಂ ಬಡಾವಣೆಗೆ ಹೆಣ್ಣು ನೋಡಲು ಹೋದ. ೨೦೦೪ರ ಫೆಬ್ರವರಿ, ಭಾನುವಾರ. ಹುಡುಗಿ ಕೋಮಲಾ ಖಾಸಗಿ ಶಾಲೆಯೊಂದರಲ್ಲಿ ಶಿಕ್ಷಕಿ. ನೋಡಿದ ಕೂಡಲೇ ಭೈರೇಶನಿಗೆ ಒಪ್ಪಿಗೆಯಾಯಿತು.

ಉಪ್ಪಿಟ್ಟು ಮುಗಿಯುವಷ್ಟರಲ್ಲಿ ಅಪ್ಪ ವೆಂಕಟರಾಮಪ್ಪ ಶುರು ಮಾಡಿದರು. "ನಮ್ಮ ಜವಳಗಿರೀಲಿ ಇಂಗ್ಲಿಷ್ ಪೇಪರ್ ಓದೋನು ಇವನೊಬ್ನೇ. ಫ್ಯಾಕ್ಟ್ರಿ ಬಸ್ಸು ಗೇಟು ಮುಟ್ಟೋದ್ರೊಳಗೆ ಪದಬಂಧ ತುಂಬಿ ಮಡಚ್ಬುಡ್ತಾನೆ."

"ನಿಮ್ಮ ಕಾಡಂಚಿನ ಹೊಲಕ್ಕೆ ಆನೆ ಬಂದ್ರೂ ಇಂಗ್ಲಿಷ್‌ನಾಗೇ ಓಡುಸ್ತೀಯೇನಪ್ಪ?" ಎಂದರು ಹುಡುಗಿಯ ಅಜ್ಜಿ ಪಿಳ್ಳಮ್ಮ.

ಎಲ್ಲರೂ ನಕ್ಕರು. ಹುಡುಗಿಯ ತಂದೆ ರಾಮಕೃಷ್ಣಪ್ಪ ಅಂದಿನ ಇಂಗ್ಲಿಷ್ ಪತ್ರಿಕೆ, ಪೆನ್ನು ತಂದು ಮುಂದಿಟ್ಟರು. "ನಾವೂ ಅಪ್ಪ ಮಗಳು ದಿನಾ ಒದ್ದಾಡ್ತೀವಿ. ಇವತ್ತಿಂದು ನೀನೇ ತುಂಬಪ್ಪ."

ಭೈರೇಶ ಬಸ್ಸಿನಲ್ಲಿ ಮಾಡುತ್ತಿದ್ದುದನ್ನೇ ಮಾಡಿದ. ಸುಳಿವನ್ನು ಅವನು ಎಂದೂ ಓದಿದವನಲ್ಲ. ಮೂರು ಚೌಕವಿದ್ದಲ್ಲಿ ಬಾರ್, ಸೆಟ್, ರನ್ ಎಂಬಂಥ ಗೊತ್ತಿದ್ದ ಪದ. ಉದ್ದ ಸಾಲಿಗೆ ಕೈಗೆ ಬಂದ ಅಕ್ಷರ. ಬಸ್ಸಿನಲ್ಲಿ ಯಾರೂ ಬಗ್ಗಿ ನೋಡುತ್ತಿರಲಿಲ್ಲ. ಕೋಮಲಾ ನೋಡಿದಳು.

"ಇಲ್ಲಿ ಬಾರ್ ಹೆಂಗೆ ಬತ್ತದೆ?"

"ಚಿಕ್ಕ ಪದಕ್ಕೇ ಅರ್ಥ ಜಾಸ್ತಿ ಕಣ್ರೀ," ಎಂದ ಭೈರೇಶ. "ಕಬ್ಬಿಣದ ಸಲಾಕೇನೂ ಬಾರೇ, ಸೋಪಿಂದೂ ಬಾರೇ, ವಕೀಲರ ಸಂಘಾನೂ ಬಾರೇ."

"ಹೆಂಡದಂಗಡೀನ ಬಿಟ್ಬುಟ್ಟೆ," ಎಂದರು ಪಿಳ್ಳಮ್ಮ.

ಕೋಮಲಾ ಕೂಡ ನಕ್ಕಳು. "ಸರಿ, ಇದ್ರಾಗೆ ಯಾವ್ದು? ಸುಳಿವು ಓದಿ."

ಅಕ್ಷರ ಕೂಡಿಸಿ ಕೂಡಿಸಿ ಓದಿದ. ರಾತ್ರಿ ಹೊತ್ತು ಹಾರುವ ಹಕ್ಕಿ ಎಂದಿತ್ತು.

ಇಂಗ್ಲಿಷ್ ಬಾರದ ವೆಂಕಟರಾಮಪ್ಪ ಮಗನನ್ನೇ ಹೆಮ್ಮೆಯಿಂದ ನೋಡುತ್ತಿದ್ದರು. "ಬಸ್ಸಿಗೆ ಹೊತ್ತಾಯ್ತು," ಎನ್ನುತ್ತ ಎದ್ದ ಭೈರೇಶ ಆ ಪುಟವನ್ನು ಮಡಚಿ ಪ್ಯಾಂಟಿನ ಜೇಬಿಗೆ ತುರುಕಿಕೊಂಡ.

"ಪೇಪರ್ ಇಟ್ಬುಟ್ಟು ಹೋಗಪ್ಪ," ಎಂದರು ರಾಮಕೃಷ್ಣಪ್ಪ. "ನಾಳೆ ಉತ್ರ ಬತ್ತದಲ್ಲ, ತಾಳೆ ನೋಡಾಣ."

ಭೈರೇಶನ ಕೈ ಜೇಬಿನಲ್ಲೇ ಉಳಿಯಿತು.

"ಕೊಡ್ಲಾ, ಅವ್ರ ಪೇಪರ್ರು," ಎಂದರು ಅಪ್ಪ.

ಮುದುಡಿದ ಪುಟವನ್ನು ಅವನು ಟೀಪಾಯಿಯ ಮೇಲಿಟ್ಟ. ಕೋಮಲಾಳ ಕಡೆ ನೋಡಲಿಲ್ಲ. "ನಂಗೆ ಬರಾಕಿಲ್ಲ. ಸುಮ್ನೆ ತುಂಬ್ತಿದ್ದೆ."

"ಏನ್ಲಾ ಬರಾಕಿಲ್ಲ?" ವೆಂಕಟರಾಮಪ್ಪ ಇನ್ನೂ ನಗುತ್ತಲೇ ಇದ್ದರು.

ಆ ಮಾತನ್ನು ಭೈರೇಶನೇ ಮತ್ತೊಮ್ಮೆ, ಅಪ್ಪನಿಗೆ ಅರ್ಥವಾಗುವ ಹಾಗೆ ಬಿಡಿಸಿ ಹೇಳಬೇಕಾಯಿತು. "ಇಂಗ್ಲಿಷ್ ಓದಾಕೇ ಸರಿಯಾಗಿ ಬರಾಕಿಲ್ಲಪ್ಪ. ಬಸ್ಸಿನಾಗೆ ಬರೀತಿದ್ದುದೆಲ್ಲ ಸುಳ್ಳು."

ವೆಂಕಟರಾಮಪ್ಪ ರಾಮಕೃಷ್ಣಪ್ಪನವರಿಗೆ ಕೈ ಮುಗಿದು ಮೊದಲು ಹೊರಗೆ ಹೋದರು. ಜವಳಗಿರಿಯ ಬಸ್ಸಿನಲ್ಲಿ ಮಗನ ಪಕ್ಕದ ಸೀಟು ಖಾಲಿಯಿದ್ದರೂ ಡ್ರೈವರ್ ಹಿಂದೆ ಹೋಗಿ ಕೂತರು. ಬುಧವಾರ ಹುಡುಗಿಯ ಮನೆಯವರು ಸಂಬಂಧ ಬೇಡವೆಂದು ಹೇಳಿ ಕಳಿಸಿದರು.