ಅನಿಪಾಳ ಹುಳು, ಮೊಯ್ನೊಕ್‌ನ ಹುಳು

ವೋಡ್ಕಾ ವಾಸನೆ, ಬೆಳಗ್ಗೆ ಹತ್ತಕ್ಕೇ, ಪ್ರಯೋಗಾಲಯದ ತುಂಬ, ಸಂಶೋಧಕಿ ಬೂರ್ಮಕಾನ್ ಬಾಟ್ಲಿಯ ಮುಚ್ಚಳ ತೆಗೆದದ್ದಷ್ಟೇ — ಯಾರಾದರೂ ಈಗ ಒಳಗೆ ಬಂದರೆ ಓಶ್ ಊರಿಗೆಲ್ಲ ಸುದ್ದಿಯಾದೀತು, ಆದರೂ ಈ ವಾಸನೆಗೆ ಕೈಮುಗಿಯಬೇಕು, ಎಂಥ ಹೆಂಗಸಪ್ಪ ಈ ಅನಿಪಾ ಎಜೆ, ಹಿರಿಯಳಾದ್ದರಿಂದ ಎಲ್ಲರಿಗೂ ಎಜೆ, ಅಂದರೆ ಅಕ್ಕ, ಅಲಾಯ್ ಕಣಿವೆಯ ಕುರಿಗಾಹಿಯ ಹೆಂಡತಿ, ಆಪರೇಷನ್ ಮೇಜಿನ ಮೇಲೆ ಮಲಗಿಕೊಂಡೇ ಡಾಕ್ಟರಿಗೆ, ನನ್ನ ಲಿವರಿಂದ ಕಿತ್ತ ಹುಳದ ಗಡ್ಡೇಲಿ ಅರ್ಧ ನಿಮ್ಮ ಆ ಗಬ್ಬು ನೀರಿಗೆ ಹಾಕ್ಕೊಳ್ಳಿ, ಇನ್ನರ್ಧ ಈ ವೋಡ್ಕಾ ಬಾಟ್ಲಿಗೆ, ನಂದು ತಾನೇ, ಎಂದವಳು. ಹೋದ ವರ್ಷ ಹುಳದ ಪರೀಕ್ಷೆಗೆಂದು ನಾಯಿಗಳ ಹೇಲು ಆರಿಸಲು ಆ ಊರಿಗೆ ಹೋದಾಗ ಬೂರ್ಮಕಾನ್ ಚಹಾ ಕುಡಿಯುತ್ತ ಒಂದು ಮಾತು ಹೇಳಿದ್ದಳು, ಆಸ್ಪತ್ರೆಯ ಫಾರ್ಮಲಿನ್ನಿಗೆ ಬಿದ್ದರೆ ವಂಶವಾಹಿ ಹಾಳು, ಮದ್ಯಸಾರವೇ ವಾಸಿ, ಅಷ್ಟೇ, ಅದನ್ನು ಆಕೆ ನೆನಪಿಟ್ಟುಕೊಂಡಿದ್ದಾಳೆ, ಹೊಟ್ಟೆ ಕೊಯ್ಯುವ ಹೊತ್ತಿನಲ್ಲೂ, ಬೂರ್ಮಕಾನಳಿಗೇ ಅಷ್ಟು ಧೈರ್ಯವಿಲ್ಲ, ಹಲ್ಲು ಕೀಳಿಸಲು ಹೋಗಿ ಅತ್ತು ಬಂದವಳು. ಮತ್ತೆ ಇದೆಲ್ಲ ಯಾರಿಗಾಗಿ, ನಾಯಿಗಾಗಿ, ಅವಳ ಮನೆಯ ಮೊಯ್ನೊಕ್, ಕುತ್ತಿಗೆ ಬೆಳ್ಳಗಿರುವ ಆ ದಡಿಯ, ಪಶುವೈದ್ಯ ಅದರ ಹೇಲಿನಲ್ಲಿ ಮೊಟ್ಟೆ ಕಂಡು ಇದೇ ಕಳ್ಳ ಎಂದುಬಿಟ್ಟ, ಕಣ್ಣಿಗೇನು ಗೊತ್ತಾದೀತು, ಕುರಿಯಿಂದ ಬರುವ ಸಾಧು ಲಾಡಿಹುಳುವಿನದೂ ಇಲಿಯಿಂದ ಬಂದು ಮನುಷ್ಯನ ಲಿವರಿನಲ್ಲಿ ಬೇರು ಬಿಡುವುದರದೂ ಒಂದೇ ಥರದ ಕಂದು ಗುಂಡು ಮೊಟ್ಟೆ, ವಂಶವಾಹಿಯೇ ಹೇಳಬೇಕು, ಅವಳ ಗಂಡ ಮಮಸಾಲಿ ಬಂದೂಕು ಒರೆಸಿ ಇಟ್ಟಿದ್ದಾನೆ, ವರದಿ ಬರ್ಲಿ, ಅದೇ ಹುಳ ಅಂದ್ರೆ ಒಂದೇ ಗುಂಡು.

ವಂಶವಾಹಿ ಹರಿಸಿದ ಜೆಲ್ಲಿನ ಮೇಲೆ ನೀಲಿ ಬೆಳಕು ಹಾಕಿದರೆ ಎರಡು ಗೆರೆ ಹೊಳೆಯುತ್ತವೆ, ಎಡಗಡೆ ಎಜೆಯದು, ಬಲಗಡೆ ಪಶುವೈದ್ಯ ಕಳಿಸಿದ ನಾಯಿಯ ಹೇಲಿನದು, ಒಂದೇ ಎತ್ತರ, ಅಯ್ಯೋ ಒಂದೇ ಎತ್ತರ, ಇನ್ನೊಮ್ಮೆ ಮಾಡಿದರೂ ಅದೇ, ಒಂದೇ ಜಾತಿ — ಜಾತಿ ಒಂದಾದ ಮಾತ್ರಕ್ಕೆ ಈ ನಾಯಿಯೇ ಕೊಟ್ಟಿತೆಂದಲ್ಲ, ಗುಡ್ಡದ ತುಂಬ ಇದೇ ಹುಳ ಹೊತ್ತ ನರಿಗಳಿವೆ, ಆದರೆ ಬಂದೂಕು ಹಿಡಿದವನಿಗೆ ಅದನ್ನು ಹೇಗೆ ಹೇಳುವುದು, ಏನೂ ಸಿಗಲಿಲ್ಲ ಎಂದು ಬರೆದರೆ ನಾಯಿ ಉಳಿಯುತ್ತದೆ, ಔಷಧಿ ಬೀಳದೆ ಮೊಟ್ಟೆ ಉದುರಿಸುತ್ತ ಊರೆಲ್ಲ ಅಲೆಯುತ್ತದೆ, ಮಕ್ಕಳು ಅದರ ಕುತ್ತಿಗೆ ತಬ್ಬಿಕೊಳ್ಳುತ್ತವೆ, ಛೆ, ಆಗದು, ಬೆರಳು ಆಗಲೇ ಫೋನ್ ಒತ್ತಿದೆ. ಎಜೆ, ಯಜಮಾನ್ರೂ ಅಲ್ಲೇ ಇದಾರಾ. ಇದಾರೆ, ಜೋರಾಗೇ ಹೇಳು ಮಗಳೇ. ಅದೇ ಹುಳ ಎಜೆ. ಎಲ್ಲೋ ಒಂದು ಕುರಿ ಅರಚುತ್ತದೆ, ಆಮೇಲೆ ಆಕೆಯ ದನಿ, ಫೋನಿಗಲ್ಲ, ಪಕ್ಕಕ್ಕೆ, ಕೇಳಿಸ್ತೇನ್ರೀ, ಹುಳ ಇರೋರಿಗೆಲ್ಲ ಗುಂಡು ಅಂತಾದ್ರೆ ಮೊದ್ಲು ನಂಗೆ ಹೊಡೀರಿ, ವಯಸ್ಸಲ್ಲಿ ನಾನೇ ದೊಡ್ಡೋಳು. ಮತ್ತೆ ಏನೂ ಆಗದವಳಂತೆ, ಮೊಯ್ನೊಕ್‌ಗೆ ಮಾತ್ರೆ ಎಷ್ಟು ದಿನಕ್ಕೊಂದು ಮಗಳೇ. ತಿಂಗಳಿಗೊಂದ್ಸಲ. ನಂಗೆ. ದಿನಾ, ಎರಡು ಹೊತ್ತು, ವರ್ಷಗಟ್ಲೆ ಎಜೆ, ಬಹುಶಃ ಇರೋ ತನಕ. ಹಂಗಾದ್ರೆ ಅದರದ್ದು ನಂಗೆ ಮರೆಯಲ್ಲ ಬಿಡು.

ಇಂಥವಳ ಮುಂದೆ ಈ ಯಂತ್ರಗಳೆಲ್ಲ ಏನು, ಫೋನ್ ಇಡಬೇಕು, ಇಡಲಾಗುತ್ತಿಲ್ಲ, ಆಗ ಗಂಡಸಿನ ದನಿ, ಒರಟು, ತಗ್ಗಿ ಬರುತ್ತದೆ, ಕುರಿ ಬಾಲದ ಕೊಬ್ಬಲ್ಲಿ ಸುತ್ತಿ ಕೊಟ್ರೆ ನುಂಗುತ್ತೇನಮ್ಮಾ, ನುಂಗುತ್ತೆ, ನುಂಗುತ್ತೆ ಎನ್ನುತ್ತಾಳೆ ಬೂರ್ಮಕಾನ್, ಕಾಣದಿದ್ದರೂ ಕಾಣುತ್ತಿದೆ, ಕೊಬ್ಬು ಮೆತ್ತಿದ ಅವನ ಅಂಗೈ, ಅದರಲ್ಲಿ ಎರಡು ಮಾತ್ರೆ, ಒಂದು ನಾಯಿಗೆ, ಒಂದು ಹೆಂಡತಿಗೆ, ಬಂದೂಕು ಒರೆಸಿದ ಅಂಗೈ, ಎರಡು ಮಾತ್ರೆ, ಅಂಗೈ, ಎರಡು ಮಾತ್ರೆ