ಜೋಬಿನಲ್ಲಿದ್ದ ಎರೆಹುಳ

ಮಾರಂಡಹಳ್ಳಿಯಲ್ಲಿ ಎರೆಗೊಬ್ಬರ ಮಾಡುವವರಲ್ಲಿ ನನ್ನನ್ನು ಮೀರಿಸಿದವನು ಇನ್ನೂ ಹುಟ್ಟಿಲ್ಲ. ನನ್ನ ಗುಂಡಿಯ ಹುಳ ಒಂದೊಂದೂ ಎತ್ತಿನ ಹಗ್ಗದಷ್ಟು ದಪ್ಪ. ಒಂದನ್ನು ಹತ್ತು ತುಂಡು ಮಾಡಿದರೆ ಸಂಜೆಯೊಳಗೆ ಹತ್ತು ಸಂಸಾರ ಎಂದು ಇಡೀ ತಾಲ್ಲೂಕಿಗೇ ಸಾರಿದ್ದೆ. ಇದಕ್ಕೆ ಅಡ್ಡಬಾಯಿ ಹಾಕಿದವಳು ತಮ್ಮನ ಮಗಳು ಸಂಧ್ಯಾ. ಕತ್ತರಿಸಿದ ಎರೆಹುಳಕ್ಕೆ ಬಾಲ ಮತ್ತೆ ಬರುವಾಗ ರಕ್ತನಾಳ ಹೇಗೆ ಬೆಳೆಯುತ್ತದೆ ಎಂದು ಅದಿಯಮಾನ್‌ಕೋಟೆ ಕಡೆಯ ಕಾಲೇಜೊಂದರಲ್ಲಿ ಸಂಶೋಧನೆ ಮಾಡುತ್ತಾಳೆ. ತಲೆಯ ಕಡೆಯ ತುಂಡು ಬಾಲ ಬೆಳೆಸಿಕೊಳ್ಳುತ್ತದೆ, ಬಾಲದ ತುಂಡು ಸಾಯುತ್ತದೆ ಎಂದಳು. ಪಂದ್ಯ ಬಿತ್ತು. ಒಂದು ಬಾಲದ ತುಂಡನ್ನು ತಟ್ಟೆಯಲ್ಲಿಟ್ಟು ಅದರ ಮೇಲೆ ‘ಪೆರುಮಾಳ್ ದೊಡ್ಡಪ್ಪ’ ಎಂದು ನನ್ನ ಹೆಸರನ್ನೇ ಬರೆದಳು. ಸೋತವರು ಮನೆಮಂದಿಯ ಮುಂದೆ ಒಪ್ಪಿಕೊಳ್ಳಬೇಕು.

ಒಂಬತ್ತನೇ ದಿನ, ಅವಳು ಊಟಕ್ಕೆ ಹೋದ ಹೊತ್ತು ನೋಡಿ ಕಾಲೇಜಿನಲ್ಲಿ ಅವಳು ಹುಳ ಸಾಕುವ ಕೋಣೆಗೆ ನುಗ್ಗಿದೆ. ಜೋಬಿನಲ್ಲಿ ಒದ್ದೆ ಬಟ್ಟೆ, ಬಟ್ಟೆಯಲ್ಲಿ ನನ್ನ ಗುಂಡಿಯ ಇಡೀ ಹುಳ. ನನ್ನ ಹೆಸರಿನ ತಟ್ಟೆಯಲ್ಲಿ ಕೊಳೆತದ್ದೇನೋ ಅಂಟಿಕೊಂಡಿತ್ತು. ಅದನ್ನು ಒರೆಸಿ, ಹೊಸದನ್ನು ಬಿಟ್ಟು ತಿರುಗಿದರೆ ಬಾಗಿಲು ಮುಚ್ಚಿಕೊಂಡಿತ್ತು. ಒಳಗಡೆ ಹಿಡಿಯೇ ಇಲ್ಲ. ಕಿತ್ತುಹೋಗಿ ಎರಡು ತೂತು ಉಳಿದಿದ್ದವು.

ಆಗಲೇ ಕರೆಂಟು ಹೋಯಿತು, ಎಸಿ ನಿಂತಿತು. ಕಿಟಕಿಯಿಲ್ಲದ ಕೋಣೆ, ಏಪ್ರಿಲ್ ತಿಂಗಳು. ನನ್ನ ಬೆವರಿಗೆ ಮೆಟ್ಟೂರು ಅಣೆಕಟ್ಟು ತುಂಬಿ ಹರಿಯಬೇಕಿತ್ತು. ಫೋನು ಕೈಯಲ್ಲೇ ಇತ್ತು. ಕರೆದರೆ ಕಳ್ಳತನ ಬಯಲು. ಹೊರಗೆ ಯಾರೋ ನಗುತ್ತ ಹೋದರು. ಕೂಗದೆ ಬಾಗಿಲಿಗೆ ತಲೆ ಒತ್ತಿ ನಿಂತೆ.

ಹತ್ತು ಯುಗ ಕಳೆದವು. ಫೋನಿನ ಲೆಕ್ಕದಲ್ಲಿ ಅರ್ಧ ಗಂಟೆ. ಅದರ ಬೆಳಕಲ್ಲಿ ಸಂಧ್ಯಾಳ ಹನ್ನೆರಡು ಹುಳಗಳನ್ನು ನೋಡಿದೆ. ಮೊಂಡು ತುದಿಯಲ್ಲಿ ಹಾಲುಬಣ್ಣದ ಎಳೆಬಾಲ. ಭೂತಗನ್ನಡಿ ಹಿಡಿದರೆ, ಹಳೆಯ ಮೈಯಿಂದ ಕೂದಲಿನಂಥ ಕೆಂಪು ಗೆರೆಯೊಂದು ಅದರೊಳಕ್ಕೆ ಹೊರಟು ಮಿಡಿಯುತ್ತಿತ್ತು. ಇದೊಂದನ್ನು ಮಾತ್ರ ನಾನು ದೊಡ್ಡದು ಮಾಡಿ ಹೇಳಲಾರೆ. ನಾಳೆ ಇದರದ್ದೇ ಫೋಟೋ, ಆರು ತಿಂಗಳ ಕೆಲಸ ಎಂದಿದ್ದಳು. ಕೆಳಗಿನ ಒದ್ದೆ ಕಾಗದ ಆಗಲೇ ಒಣಗುತ್ತಿತ್ತು. ಹುಳಗಳು ಅಂಚು ಹತ್ತಿ ಮುಚ್ಚಳಕ್ಕೆ ತಲೆ ಒತ್ತುತ್ತಿದ್ದವು, ನಾನು ಬಾಗಿಲಿಗೆ ಒತ್ತಿದ ಹಾಗೆಯೇ.

ಬಾಟಲಿಯಲ್ಲಿ ತಂದಿದ್ದ ನಮ್ಮ ಬಾವಿನೀರನ್ನು ತೊಟ್ಟು ತೊಟ್ಟಾಗಿ ಹನ್ನೆರಡಕ್ಕೂ ಹಂಚಿದೆ. ನನ್ನ ನಾಲಗೆಗೆ ಉಳಿಯಲಿಲ್ಲ. ಬಿಸಿ ಏರುತ್ತಲೇ ಇತ್ತು. ಕೊನೆಗೆ ಅವಳ ನಂಬರು ಒತ್ತಿದೆ.

“ಸಂಧ್ಯಾ, ಹುಳದ ರೂಮಲ್ಲಿ ಸಿಕ್ಕಾಕ್ಕಂಡಿವ್ನಿ. ಕರೆಂಟ್ ಓಗೈತೆ. ಸೀಕ್ರಂ, ಬಿರ್ನೆ ಬಾಮ್ಮ, ನಿನ್ ಹುಳ ತಾಳಲ್ಲ.”

ಬಾಗಿಲು ತೆಗೆದವಳು ನನ್ನನ್ನು ದಾಟಿಕೊಂಡೇ ತಟ್ಟೆಗಳತ್ತ ಓಡಿದಳು. ಹನ್ನೆರಡೂ ಮಿಸುಕಾಡುತ್ತಿದ್ದವು. ಆಮೇಲೆ ನನ್ನ ಹೆಸರಿನ ತಟ್ಟೆ ಎತ್ತಿ, ಆ ಹುಳವನ್ನು ಈ ತುದಿಯಿಂದ ಆ ತುದಿಗೆ ನೋಡಿದಳು. ಎಲ್ಲೂ ಹಾಲುಬಣ್ಣವಿಲ್ಲ.

“ದೊಡ್ಡಪ್ಪ, ಇದ್ಕೆ ತಲೆ ಎಲ್ಲಿಂದ ಬಂತು?”

ಮಾರಂಡಹಳ್ಳಿ ಮಣ್ಣಿನ ಮಹಿಮೆ ಎಂಬ ಮಾತು ಗಂಟಲವರೆಗೂ ಬಂತು. ಗಂಟಲು ಒಣಗಿತ್ತು.

“ಜೋಬಿಂದ ಬಂತಮ್ಮ,” ಎಂದೆ. “ವಸಿ ನೀರ್ ಕೊಡು.”